ಸೈನ್, ಕಾಸ್, ಟ್ಯಾನ್ ನಕ್ಷೆ ತಪ್ಪಾಗಿ ಬಂದಾಗ ದೋಷ ಹುಡುಕುವ ಕೈಪಿಡಿ

ತ್ರಿಕೋನಮಿತಿಯ ನಕ್ಷೆ ಸರಿ ಬರಲಿಲ್ಲ ಎಂದಾದರೆ ಹೆಚ್ಚಿನವರು ಅದನ್ನು ಅಳಿಸಿ ಮತ್ತೆ ಮೊದಲಿನಿಂದ ಬರೆಯಲು ಕೂರುತ್ತಾರೆ. ಹಾಗೆ ಅಳಿಸಬೇಡಿ. ತಪ್ಪು ನಕ್ಷೆಯಲ್ಲೇ ತಪ್ಪಿನ ಗುರುತೂ ಇರುತ್ತದೆ. ಅಲೆ ಎಷ್ಟು ಮೇಲಕ್ಕೆ ಹೋಗಿದೆ, ಎಷ್ಟು ಕೆಳಕ್ಕೆ ಇಳಿದಿದೆ, ಒಂದು ಸುತ್ತು ಎಷ್ಟು ಅಗಲದಲ್ಲಿ ಮುಗಿದಿದೆ, ಮೊದಲ ಶಿಖರ ಎಲ್ಲಿ ಬಿದ್ದಿದೆ ಎಂಬ ನಾಲ್ಕನ್ನು ಅಳೆದು ನೋಡಿದರೆ, ಸೂತ್ರದ ಯಾವ ಸಂಖ್ಯೆಯನ್ನು ತಪ್ಪಾಗಿ ಬಳಸಿದ್ದೀರಿ ಎಂಬುದು ಬಹುಪಾಲು ಅಲ್ಲೇ ಗೊತ್ತಾಗುತ್ತದೆ. ಕಾರಣ ತಿಳಿಯದೆ ಮತ್ತೆ ಬರೆದರೆ ಅದೇ ತಪ್ಪು ಇನ್ನಷ್ಟು ಅಂದವಾಗಿ ಬರುತ್ತದೆ, ಅಷ್ಟೆ.

ಇಲ್ಲಿ ಎಲ್ಲ ಕಡೆ ಬಳಸುವ ಸೂತ್ರದ ರೂಪ ಇದು: ವೈ = ಎ ಸೈನ್(ಬಿ(ಎಕ್ಸ್ − ಸಿ)) + ಡಿ. ಎ ಎಂಬುದು ಆಂಪ್ಲಿಟ್ಯೂಡ್, ಅಂದರೆ ನಡುಗೆರೆಯಿಂದ ಶಿಖರಕ್ಕಿರುವ ಎತ್ತರ. ಬಿ ಅವಧಿಯನ್ನು, ಅಂದರೆ ಒಂದು ಸುತ್ತಿನ ಅಗಲವನ್ನು, ನಿರ್ಧರಿಸುತ್ತದೆ. ಸಿ ಅಲೆಯನ್ನು ಪಕ್ಕಕ್ಕೆ ಸರಿಸುತ್ತದೆ, ಡಿ ನಡುಗೆರೆಯನ್ನು ಮೇಲೆ ಕೆಳಗೆ ಮಾಡುತ್ತದೆ.

ಮೊದಲ ತಪಾಸಣೆ: ಡಿಗ್ರಿಯೋ ರೇಡಿಯನ್ನೋ

ಬೇರೆ ಏನನ್ನು ನೋಡುವ ಮೊದಲೂ ಇದನ್ನು ನೋಡಿ. ಕ್ಯಾಲ್ಕುಲೇಟರಿನಲ್ಲಿ ಸೈನ್ 30 ಒತ್ತಿ. 0.5 ಬಂದರೆ ಅದು ಡಿಗ್ರಿಯಲ್ಲಿದೆ. −0.988 ಬಂದರೆ ರೇಡಿಯನ್ನಿನಲ್ಲಿದೆ, ಅಂದರೆ ಪೂರ್ತಿ ಸುತ್ತನ್ನು 2ಪೈ ಎಂದು ಎಣಿಸುವ ಅಳತೆ. 0.454 ಬಂದರೆ ಗ್ರೇಡಿಯನ್ನಿನಲ್ಲಿದೆ, ಅಂದರೆ ಲಂಬಕೋನವನ್ನು 100 ಭಾಗ ಮಾಡುವ ಅಳತೆ. ಇದು ಬೇಕಾಗುವುದು ಅಪರೂಪ, ಆದರೆ ಮೋಡ್ ಬದಲಿಸುವಾಗ ಗೊತ್ತಿಲ್ಲದೆ ಅಲ್ಲಿಗೆ ಹೋಗಿ ನಿಲ್ಲುವುದುಂಟು. ಪರೀಕ್ಷಿಸಲು ಸೈನ್ 0 ಒತ್ತಬೇಡಿ. ಯಾವ ಮೋಡ್ ಇದ್ದರೂ ಅದು ಸೊನ್ನೆಯನ್ನೇ ಕೊಡುತ್ತದೆ.

ಮೋಡ್ ತಪ್ಪಾಗಿದ್ದರೆ ನಕ್ಷೆ ಎರಡು ಬಗೆಯಲ್ಲಿ ಕೆಡುತ್ತದೆ.

ಒಂದು, ನಕ್ಷೆ ಹೆಚ್ಚುಕಡಿಮೆ ನೇರ ಗೆರೆಯಾಗಿ ಮಲಗಿಬಿಡುತ್ತದೆ. ಎಕ್ಸ್-ಅಕ್ಷದಲ್ಲಿ −6.28ರಿಂದ 6.28ರವರೆಗೆ ರೇಡಿಯನ್ ಬೆಲೆಗಳನ್ನು ಹಾಕಿದ್ದೀರಿ, ಯಂತ್ರ ಅವುಗಳನ್ನು ಡಿಗ್ರಿ ಎಂದು ಓದಿದೆ. ಆಗ ಅತಿ ದೊಡ್ಡ ಬೆಲೆಯೂ ಸೈನ್ 6.28°, ಅಂದರೆ ಸುಮಾರು 0.109. ಅಲೆ ಇನ್ನೂ ಏಳಲು ಶುರು ಮಾಡುವಷ್ಟರಲ್ಲೇ ನಿಮ್ಮ ಹಾಳೆ ಮುಗಿದಿರುತ್ತದೆ.

ಇನ್ನೊಂದು, ಬಿಂದುಗಳು ಯಾವ ಕ್ರಮವೂ ಇಲ್ಲದೆ ಚೆಲ್ಲಾಪಿಲ್ಲಿಯಾಗಿ ಬೀಳುತ್ತವೆ. 0, 90, 180, 270, 360 ಎಂದು ಡಿಗ್ರಿ ಬೆಲೆ ಕೊಟ್ಟು ಯಂತ್ರ ರೇಡಿಯನ್ನಿನಲ್ಲಿದ್ದರೆ ಉತ್ತರಗಳು 0, 0.894, −0.801, −0.176, 0.959 ಎಂದು ಬರುತ್ತವೆ. ಬರಬೇಕಾದದ್ದು 0, 1, 0, −1, 0. ಇದರಲ್ಲಿ ಮೋಸ ಹೋಗುವುದು ಎರಡನೆಯ ಬೆಲೆಯಲ್ಲಿ. 0.894 ಎಂಬುದು 1ಕ್ಕೆ ಹತ್ತಿರವಿರುವುದರಿಂದ ಲೆಕ್ಕದಲ್ಲಿ ಚೂರು ವ್ಯತ್ಯಾಸ ಎಂದು ಬಿಟ್ಟುಬಿಡುತ್ತಾರೆ. 90°ಯಲ್ಲಿ ಸೈನ್ ಬೆಲೆ ಕರಾರುವಾಕ್ಕಾಗಿ 1. ಚೂರು ಕಡಿಮೆ ಬಂದರೂ ಮೋಡ್ ಕಡೆ ನೋಡಿ.

ಸ್ಪ್ರೆಡ್‌ಶೀಟ್ ಮತ್ತು ಪ್ರೋಗ್ರಾಮಿಂಗ್ ಭಾಷೆಗಳ ಸೈನ್ ಫಂಕ್ಷನ್ ಸಾಮಾನ್ಯವಾಗಿ ರೇಡಿಯನ್ನನ್ನೇ ನಿರೀಕ್ಷಿಸುತ್ತದೆ. ಡಿಗ್ರಿಯಲ್ಲಿ ಪಟ್ಟಿ ಮಾಡಿದ್ದರೆ ಪ್ರತಿ ಬೆಲೆಯನ್ನು ಪೈಯಿಂದ ಗುಣಿಸಿ 180ರಿಂದ ಭಾಗಿಸಿ, ಆಮೇಲೆ ಸೈನ್‌ಗೆ ಕೊಡಿ. ಪೈ ಬದಲು 3.14 ಎಂದು ಟೈಪ್ ಮಾಡಬೇಡಿ, ಪೈಗೆ ಇರುವ ಫಂಕ್ಷನ್ನನ್ನೇ ಬಳಸಿ. ಹಾಗೆ ಮಾಡಿಯೂ 180°ಯ ಸೈನ್‌ಗೆ ಸೊನ್ನೆಯ ಬದಲು 1.22 × 10⁻¹⁶ ಎಂಬ ಬೆಲೆ ಕಂಡರೆ ಗಾಬರಿ ಬೇಡ. ಕಂಪ್ಯೂಟರ್ ಪೈಯನ್ನು ಸುಮಾರು 16 ಅಂಕಿಗಳಷ್ಟು ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ, ಉಳಿದ ಚೂರು ಅಲ್ಲಿ ಕಾಣುತ್ತದೆ. ನಕ್ಷೆಗೆ ಅದು ಸೊನ್ನೆಯೇ.

ಅಕ್ಷದ ಗುರುತುಗಳಲ್ಲಿ ಅಡಗಿರುವ ತಪ್ಪು

ಮೋಡ್ ಸರಿ ಇದೆ, ಬೆಲೆಗಳೂ ಸರಿ ಇವೆ, ಆದರೂ ಗೆರೆ ಅಲ್ಲಲ್ಲಿ ಮುರಿದಂತೆ ಕಾಣುತ್ತದೆ. ಇದಕ್ಕೆ ಬಹಳ ಸಲ ಕಾರಣ 0, 30, 45, 60, 90 ಎಂಬ ಪಟ್ಟಿ. ಎಲ್ಲರಿಗೂ ಬಾಯಿಪಾಠವಾಗಿರುವ ಈ ಕೋನಗಳನ್ನು ಅಕ್ಷದ ಮೇಲೆ ಒಂದೇ ಅಂತರದಲ್ಲಿ ಗುರುತಿಸಿಬಿಡುತ್ತಾರೆ. 30ರಿಂದ 45ಕ್ಕೆ ಇರುವ ದೂರ 15, 60ರಿಂದ 90ಕ್ಕೆ 30. ಎರಡಕ್ಕೂ ಒಂದೇ ಜಾಗ ಕೊಟ್ಟರೆ ನಡುವೆ ಗೆರೆ ತಗ್ಗುತ್ತದೆ, ಕೊನೆಯಲ್ಲಿ ಸೊಟ್ಟಗಾಗುತ್ತದೆ. ಸ್ಪ್ರೆಡ್‌ಶೀಟಿನಲ್ಲಿ ಲೈನ್ ಚಾರ್ಟ್ ಆರಿಸಿದರೂ ಇದೇ ಗತಿ. ಅದು ಕೋನಗಳನ್ನು ಬರೀ ಹೆಸರುಗಳೆಂದು ತಿಳಿದು ಸಮ ಅಂತರದಲ್ಲಿ ಜೋಡಿಸುತ್ತದೆ. ಸ್ಕ್ಯಾಟರ್ ಚಾರ್ಟ್ ಆರಿಸಿದರೆ ಪ್ರತಿ ಕೋನ ತನ್ನ ನಿಜವಾದ ಸ್ಥಾನದಲ್ಲಿ ಕೂರುತ್ತದೆ.

ರೇಡಿಯನ್ ಅಕ್ಷದಲ್ಲಿ ಇನ್ನೊಂದು ಗೊಂದಲವಿದೆ. 1, 2, 3 ಎಂಬ ಗುರುತುಗಳ ನಡುವೆ ಪೈ/2 ಮತ್ತು ಪೈಯನ್ನು ಕಣ್ಣಂದಾಜಿನಲ್ಲಿ ಸೇರಿಸುವುದು. ಪೈ/2 ಎಂದರೆ 1.57, ಪೈ 3.14, 3ಪೈ/2 ಎಂದರೆ 4.71, 2ಪೈ 6.28. ಶಿಖರ 1.5ರಲ್ಲಿ, ಅಲೆಯ ಕೊನೆ 6ರಲ್ಲಿ ಬಿದ್ದಿದ್ದರೆ ತಪ್ಪು ಇಲ್ಲೇ ಆಗಿದೆ. ಎರಡು ಬಗೆಯ ಗುರುತುಗಳನ್ನು ಬೆರೆಸದೆ ಪೈ/6 ಅಥವಾ ಪೈ/4ರ ಹೆಜ್ಜೆಗಳಲ್ಲೇ ಅಕ್ಷವನ್ನು ಭಾಗ ಮಾಡುವುದು ಒಳ್ಳೆಯದು.

ಗ್ರಾಫ್ ಹಾಳೆಯಲ್ಲಿ ಕೈಯಿಂದ ಬರೆಯುವವರು ಎಕ್ಸ್-ಅಕ್ಷದಲ್ಲಿ 1 ಸೆಂ.ಮೀ.ಗೆ 30°, ವೈ-ಅಕ್ಷದಲ್ಲಿ 2 ಸೆಂ.ಮೀ.ಗೆ 1 ಎಂಬ ಅಳತೆ ಇಟ್ಟುಕೊಳ್ಳಲಿ. ಪೂರ್ತಿ ಸುತ್ತು 12 ಸೆಂ.ಮೀ.ನಲ್ಲಿ ಮುಗಿಯುತ್ತದೆ. 30° ಎಂದರೆ 0.524 ರೇಡಿಯನ್, ಹಾಗಾಗಿ ಎರಡೂ ಅಕ್ಷಗಳ ಅಳತೆ ಬಹುತೇಕ ಸಮವಾಗಿ, ಸೈನ್ ಗೆರೆ ಮೂಲಬಿಂದುವನ್ನು ಸುಮಾರು 45° ಓರೆಯಲ್ಲಿ ದಾಟುತ್ತದೆ. ಈ ಓರೆ ಆಮೇಲೆ ಆಕಾರ ಪರೀಕ್ಷಿಸುವಾಗ ಕೆಲಸಕ್ಕೆ ಬರುತ್ತದೆ.

ನಾಲ್ಕು ಅಳತೆ, ಒಂದು ಉದಾಹರಣೆ

ವೈ = 3 ಸೈನ್(2ಎಕ್ಸ್ − ಪೈ/3) + 1 ಎಂಬ ಫಲನವನ್ನು ತೆಗೆದುಕೊಳ್ಳೋಣ. ಸಾಮಾನ್ಯವಾಗಿ ಆಗುವ ತಪ್ಪುಗಳೆಲ್ಲ ಈ ಒಂದರಲ್ಲೇ ಆಗಬಹುದು, ಅದಕ್ಕೇ ಅಭ್ಯಾಸಕ್ಕೆ ಇದು ಒಳ್ಳೆಯದು.

ಸರಿಯಾದ ನಕ್ಷೆಯ ಐದು ಬಿಂದುಗಳನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಆವರಣದ ಒಳಗಿನದನ್ನು ಸೊನ್ನೆಗೆ ಸಮ ಮಾಡಿ: 2ಎಕ್ಸ್ − ಪೈ/3 = 0, ಆದ್ದರಿಂದ ಎಕ್ಸ್ = ಪೈ/6, ಅಂದರೆ 30°. ಅಲೆ ಶುರುವಾಗುವುದು ಇಲ್ಲಿ. ಅವಧಿ 2ಪೈ ಭಾಗಿಸು 2, ಅಂದರೆ ಪೈ ಅಥವಾ 180°. ಅದರ ಕಾಲು ಭಾಗ 45°. ಶುರುವಿಗೆ ಒಂದೊಂದೇ ಕಾಲು ಸೇರಿಸುತ್ತಾ ಹೋದರೆ 30°, 75°, 120°, 165°, 210° ಸಿಗುತ್ತವೆ. ಅಲ್ಲಿನ ವೈ ಬೆಲೆಗಳು ಕ್ರಮವಾಗಿ 1, 4, 1, −2, 1. ಜೊತೆಗೆ ಎಕ್ಸ್ ಸೊನ್ನೆಯಾದಾಗ ವೈ ಸುಮಾರು −1.6. ಈ ಆರನೆಯ ಬಿಂದುವನ್ನು ಬಿಡಬೇಡಿ, ಪಕ್ಕಕ್ಕೆ ಸರಿಸಿದ್ದು ಸರಿಯೇ ಎಂದು ತಿಳಿಯಲು ಇದೇ ಸಾಕ್ಷಿ.

ಈಗ ನಿಮ್ಮ ನಕ್ಷೆಯನ್ನು ಅಳೆಯಿರಿ.

ಎತ್ತರದಿಂದ ಶುರು ಮಾಡಿ. ಶಿಖರದಿಂದ ತಗ್ಗಿನವರೆಗಿನ ಎತ್ತರದ ಅರ್ಧ ಆಂಪ್ಲಿಟ್ಯೂಡ್. ಶಿಖರ ಮತ್ತು ತಗ್ಗಿನ ಬೆಲೆಗಳನ್ನು ಕೂಡಿಸಿ ಅರ್ಧ ಮಾಡಿದರೆ ನಡುಗೆರೆ. ಇಲ್ಲಿ 3 ಮತ್ತು 1 ಬರಬೇಕು. ನಿಮ್ಮ ಅಲೆ 3ರಿಂದ −3ರವರೆಗೆ ಇದ್ದರೆ ಕೊನೆಯ +1 ಬಿಟ್ಟುಹೋಗಿದೆ. 6ರಿಂದ 0ಯವರೆಗೆ ಇದ್ದರೆ 1ನ್ನು ಮೊದಲು ಸೇರಿಸಿ ಆಮೇಲೆ 3ರಿಂದ ಗುಣಿಸಿದ್ದೀರಿ. ಗುಣಿಸುವುದು ಮೊದಲು, ಕೂಡಿಸುವುದು ನಂತರ. 4ರಿಂದ −4ರವರೆಗೆ ಇದ್ದರೆ ಶಿಖರವನ್ನು ಮಾತ್ರ ಒಂದು ಮೇಲಕ್ಕೆ ಎತ್ತಿ, ತಗ್ಗನ್ನು ಅದರ ಪ್ರತಿಬಿಂಬ ಎಂದುಕೊಂಡಿದ್ದೀರಿ. ಡಿ ಎಂಬುದು ಅಲೆಯ ಪ್ರತಿ ಬಿಂದುವನ್ನೂ ಒಂದೇ ಅಳತೆಯಲ್ಲಿ ಎತ್ತುತ್ತದೆ, ತಗ್ಗನ್ನೂ ಸೇರಿಸಿ.

ನಂತರ ಅಗಲ. ಒಂದು ಶಿಖರದಿಂದ ಮುಂದಿನ ಶಿಖರಕ್ಕೆ 180° ಇರಬೇಕು. 720° ಇದ್ದರೆ ಬಿಯಿಂದ ಭಾಗಿಸುವ ಬದಲು ಗುಣಿಸಿದ್ದೀರಿ. ಬಿ ದೊಡ್ಡದಾದಷ್ಟೂ ಅಲೆ ಒತ್ತೊತ್ತಾಗುತ್ತದೆ, ಏಕೆಂದರೆ ಎಕ್ಸ್ ಅರ್ಧ ದಾರಿ ನಡೆಯುವಷ್ಟರಲ್ಲೇ 2ಎಕ್ಸ್ ಪೂರ್ತಿ ಸುತ್ತು ಮುಗಿಸಿರುತ್ತದೆ.

ಅವಧಿಯನ್ನು ಎಕ್ಸ್-ಅಕ್ಷ ದಾಟುವ ಬಿಂದುಗಳಿಂದ ಅಳೆಯುವ ಅಭ್ಯಾಸವಿದ್ದರೆ ಇಂದೇ ಬಿಡಿ. ನಡುಗೆರೆ ಎಕ್ಸ್-ಅಕ್ಷದ ಮೇಲೆ ಇಲ್ಲದಿದ್ದಾಗ ದಾಟುವ ಬಿಂದುಗಳ ಅಂತರ ಸಮವಾಗಿರುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಗೆರೆ ಅಕ್ಷವನ್ನು ಸುಮಾರು 20.3°, 129.7°, 200.3°ಗಳಲ್ಲಿ ದಾಟುತ್ತದೆ. ಮೊದಲ ಅಂತರ 109.5°, ಎರಡನೆಯದು 70.5°. ಇವುಗಳಲ್ಲಿ ಯಾವುದನ್ನು ದುಪ್ಪಟ್ಟು ಮಾಡಿದರೂ 180 ಬರುವುದಿಲ್ಲ. ಶಿಖರದಿಂದ ಶಿಖರಕ್ಕೆ ಅಳೆದರೆ ಈ ತೊಂದರೆಯೇ ಇಲ್ಲ. ಶಿಖರದಿಂದ ತಗ್ಗಿಗೆ ಅಳೆದು ಅದನ್ನೇ ಅವಧಿ ಎನ್ನುವವರೂ ಇದ್ದಾರೆ. ಅದು ಅರ್ಧ ಅವಧಿ, ಅದರಿಂದ ಬಿ ಬೆಲೆ ದುಪ್ಪಟ್ಟಾಗಿ 4 ಎಂದು ಬರುತ್ತದೆ.

ಕೊನೆಯದು ಶಿಖರದ ಸ್ಥಾನ. ಹೆಚ್ಚು ತಪ್ಪುಗಳಾಗುವುದು ಇಲ್ಲೇ. ಶಿಖರ 75°ಯಲ್ಲಿರಬೇಕು.

105°ಯಲ್ಲಿ ಇದ್ದರೆ ಪೈ/3ನ್ನು ಹಾಗೆಯೇ ಸರಿಸುವ ದೂರ ಎಂದುಕೊಂಡು 60° ಸರಿಸಿದ್ದೀರಿ. 2ಎಕ್ಸ್ − ಪೈ/3 ಎಂಬುದನ್ನು 2(ಎಕ್ಸ್ − ಪೈ/6) ಎಂದು ಬರೆದುಕೊಂಡ ಮೇಲಷ್ಟೇ ಸಿ ಬೆಲೆ ಕಾಣುತ್ತದೆ. 15°ಯಲ್ಲಿ ಇದ್ದರೆ ದೂರ ಸರಿ, ದಿಕ್ಕು ತಪ್ಪು: 30° ಎಡಕ್ಕೆ ಹೋಗಿದೆ. 165°ಯಲ್ಲಿ, ಅಂದರೆ ತಗ್ಗು ಇರಬೇಕಾದಲ್ಲಿ ಶಿಖರ ಬಂದಿದ್ದರೆ ಒಂದೋ ಎ ಬೆಲೆಯ ಚಿಹ್ನೆ ತಿರುವುಮುರುವಾಗಿದೆ, ಇಲ್ಲವೇ 60° ಎಡಕ್ಕೆ ಸರಿಸಿದ್ದೀರಿ. ಎರಡೂ ಒಂದೇ ಚಿತ್ರ ಕೊಡುತ್ತವೆ, ಹಾಗಾಗಿ ಬರೆದ ಹೆಜ್ಜೆಗಳನ್ನು ನೋಡಿಯೇ ತೀರ್ಮಾನಿಸಬೇಕು. 30°ಯಲ್ಲಿ ಇದ್ದರೆ ಸೈನ್ ಬದಲು ಕಾಸ್ ಬರೆದಿದ್ದೀರಿ.

ದಿಕ್ಕಿನ ಗೊಂದಲ ಪರಿಹರಿಸಲು ನಿಯಮ ಬಾಯಿಪಾಠ ಮಾಡುವುದಕ್ಕಿಂತ ಒಂದು ಪ್ರಶ್ನೆ ಕೇಳಿಕೊಳ್ಳುವುದು ಮೇಲು: ಆವರಣದ ಒಳಗೆ ಸೊನ್ನೆ ಆಗಬೇಕಾದರೆ ಎಕ್ಸ್ ಎಷ್ಟಿರಬೇಕು? ಎಕ್ಸ್ + ಪೈ/4 ಸೊನ್ನೆಯಾಗುವುದು ಎಕ್ಸ್ = −ಪೈ/4 ಆದಾಗ. ಅಲೆ ಅಲ್ಲಿಂದ ಹೊರಡುತ್ತದೆ, ಅಂದರೆ ಎಡಕ್ಕೆ ಸರಿದಿದೆ. ಕೂಡಿಸುವ ಚಿಹ್ನೆ ಎಡಕ್ಕೆ ಯಾಕೆ ಒಯ್ಯುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ಇಲ್ಲ.

ಆಕಾರ ಸರಿ ಇಲ್ಲ

ಐದು ಬಿಂದುಗಳೂ ಸರಿಯಾದ ಜಾಗದಲ್ಲಿವೆ, ಆದರೆ ಅವುಗಳನ್ನು ಸೇರಿಸಿದ ಗೆರೆ ಸರಿ ಇಲ್ಲ. ಸ್ಕೇಲಿನಿಂದ ಸೇರಿಸಿದರೆ ಗರಗಸದ ಹಲ್ಲಿನಂತಾಗುತ್ತದೆ. ಅದು ಎಲ್ಲರಿಗೂ ಕಾಣುವ ತಪ್ಪು. ಅದಕ್ಕಿಂತ ಹೆಚ್ಚಾಗಿ ಆಗುವುದು ಅರ್ಧವೃತ್ತಗಳ ಸಾಲು ಬರೆಯುವುದು. ಸೈನ್ ಅಲೆಯ ಒಂದು ಕಮಾನಿನ ಅಗಲ ಪೈ, ಅಂದರೆ 3.14, ಎತ್ತರ 1. ಅದೇ ಅಗಲದ ಅರ್ಧವೃತ್ತದ ಎತ್ತರ 1.57 ಇರಬೇಕಾಗುತ್ತಿತ್ತು, ಮೇಲಾಗಿ ಅದು ಅಕ್ಷವನ್ನು ನೆಟ್ಟಗೆ ಲಂಬವಾಗಿ ಮುಟ್ಟುತ್ತದೆ. ಸೈನ್ ಗೆರೆ ಅಕ್ಷವನ್ನು ಓರೆಯಾಗಿ ದಾಟುತ್ತದೆ, ಎರಡೂ ಅಕ್ಷಗಳ ಅಳತೆ ಸಮವಿದ್ದರೆ 45° ಓರೆಯಲ್ಲಿ.

ಪರೀಕ್ಷೆ ಸುಲಭ. 0ಯಿಂದ 90°ವರೆಗಿನ ಭಾಗವನ್ನು 30°ಯ ಮೂರು ತುಂಡು ಮಾಡಿ. ಮೊದಲ ತುಂಡಿನಲ್ಲಿ ಗೆರೆ 0.5 ಏರಬೇಕು, ಎರಡನೆಯದರಲ್ಲಿ 0.366, ಮೂರನೆಯದರಲ್ಲಿ ಬರೀ 0.134. ಅಕ್ಷದ ಬಳಿ ಗೆರೆ ಬಹುತೇಕ ನೇರ, ಶಿಖರದ ಬಳಿ ನಿಧಾನಕ್ಕೆ ಬಾಗುತ್ತದೆ. ನಿಮ್ಮ ಗೆರೆ 30°ಯಲ್ಲೇ 0.7 ಮುಟ್ಟಿದ್ದರೆ ಅರ್ಧವೃತ್ತದ ಕಡೆ ವಾಲಿದೆ; 0.33 ಮಾತ್ರ ಇದ್ದರೆ ಸ್ಕೇಲ್ ಹಿಡಿದು ಎಳೆದಿದ್ದೀರಿ. ಕಾಲು ಅವಧಿಯ ಮೂರನೇ ಒಂದು ಭಾಗದಲ್ಲಿ ಅರ್ಧ ಎತ್ತರ ಎಂಬ ಒಂದೇ ಬಿಂದುವನ್ನು ಹೆಚ್ಚಿಗೆ ಗುರುತಿಸಿಕೊಂಡರೂ ಕೈಬರಹದ ಅಲೆ ಬಹಳ ಸುಧಾರಿಸುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 45°ಯಲ್ಲಿ 2.5.

ಟ್ಯಾನ್ ನಕ್ಷೆಯ ತೊಂದರೆಗಳೇ ಬೇರೆ

ಟ್ಯಾನ್‌ಗೆ ಶಿಖರವೂ ಇಲ್ಲ, ತಗ್ಗೂ ಇಲ್ಲ, ಆದ್ದರಿಂದ ಆಂಪ್ಲಿಟ್ಯೂಡ್ ಎಂಬುದೇ ಇಲ್ಲ. 3 ಟ್ಯಾನ್ ಎಕ್ಸ್ ಎಂದಾಗ 3 ಹೇಳುವುದು 45°ಯಲ್ಲಿ ಗೆರೆ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಮಾತ್ರ. ಅವಧಿ 180°, 360° ಅಲ್ಲ. ಟ್ಯಾನ್(2ಎಕ್ಸ್ − ಪೈ/3)ರ ಅವಧಿ 90°. ಅದು 180° ಅಗಲ ಬಂದಿದ್ದರೆ ಸೈನ್‌ನ ಸೂತ್ರವನ್ನು ಇಲ್ಲಿಗೂ ಹಚ್ಚಿದ್ದೀರಿ.

ಬರೆಯುವ ಕ್ರಮವನ್ನು ತಿರುಗಿಸಿ: ಮೊದಲು ಅಸಿಂಪ್ಟೋಟ್‌ಗಳನ್ನು, ಅಂದರೆ ಗೆರೆ ಹತ್ತಿರ ಹೋಗುತ್ತಲೇ ಇದ್ದು ಎಂದೂ ಮುಟ್ಟದ ಲಂಬರೇಖೆಗಳನ್ನು, ಚುಕ್ಕೆಗೆರೆಯಲ್ಲಿ ಎಳೆಯಿರಿ. ಆವರಣದ ಒಳಗಿನದು −90° ಮತ್ತು 90° ಆಗುವಲ್ಲಿ ಅವು ಬರುತ್ತವೆ. ಈ ಉದಾಹರಣೆಯಲ್ಲಿ −15° ಮತ್ತು 75°. ನಡುವೆ 30°ಯಲ್ಲಿ ಸೊನ್ನೆ, 7.5°ಯಲ್ಲಿ −1, 52.5°ಯಲ್ಲಿ 1. ಈ ಮೂರು ಬಿಂದುಗಳ ಮೂಲಕ ಗೆರೆ ಹರಿಸಿ. ಗೆರೆ ಚುಕ್ಕೆಗೆರೆಯನ್ನು ಮುಟ್ಟಿದ್ದರೆ, ದಾಟಿದ್ದರೆ ಅಥವಾ ಮೇಲೆ ಹೋಗಿ ಹಿಂದಕ್ಕೆ ಬಾಗಿದ್ದರೆ ತಪ್ಪು. ತುದಿ ಎಷ್ಟು ಕಡಿದಾಗಿರಬೇಕು ಎಂಬ ಅಂದಾಜಿಗೆ ಬರೀ ಟ್ಯಾನ್ ಎಕ್ಸ್‌ನ ಬೆಲೆಗಳನ್ನು ನೋಡಿ: 60°ಯಲ್ಲಿ 1.73, 75°ಯಲ್ಲಿ 3.73, 85°ಯಲ್ಲಿ 11.43, 89°ಯಲ್ಲಿ 57.29.

ಕಂಪ್ಯೂಟರಿನಲ್ಲಿ ಬರೆಸಿದಾಗ 90°ಯಲ್ಲಿ ಮೇಲಿನಿಂದ ಕೆಳಗೆ ಒಂದು ಲಂಬ ಗೆರೆ ಕಂಡರೆ ಅದು ನಕ್ಷೆಯ ಭಾಗವಲ್ಲ. 89°ಯ 57.29 ಮತ್ತು 91°ಯ −57.29 ಎಂಬ ಅಕ್ಕಪಕ್ಕದ ಬಿಂದುಗಳನ್ನು ತಂತ್ರಾಂಶ ಕುರುಡಾಗಿ ಸೇರಿಸಿದೆ. ಸರಿಯಾಗಿ 90°ಯೇ ಪಟ್ಟಿಯಲ್ಲಿದ್ದರೆ ಇನ್ನೂ ಕೆಟ್ಟದ್ದು: ಪೈ/2ರ ಟ್ಯಾನ್‌ಗೆ ಸುಮಾರು 1.63 × 10¹⁶ ಎಂಬ ಬೆಲೆ ಬರಬಹುದು. ವೈ-ಅಕ್ಷ ಅಷ್ಟಕ್ಕೆ ಹಿಗ್ಗಿ, ಉಳಿದ ನಕ್ಷೆಯೆಲ್ಲ ಸೊನ್ನೆಗೆ ಅಂಟಿಕೊಂಡ ಗೆರೆಯಂತೆ ಕಾಣುತ್ತದೆ. ವೈ-ಅಕ್ಷವನ್ನು −5ರಿಂದ 5ಕ್ಕೆ ಕಟ್ಟಿಹಾಕಿ, ಎರಡು ಅಸಿಂಪ್ಟೋಟ್‌ಗಳ ನಡುವಿನ ಪ್ರತಿ ತುಂಡನ್ನೂ ಬೇರೆ ಬೇರೆ ಸರಣಿಯಾಗಿ ಬರೆಸಿ. ಎರಡೂ ದೋಷ ಒಟ್ಟಿಗೆ ಹೋಗುತ್ತವೆ.

ಬಿಂದುಗಳು ಸಾಲದೆ ಬರುವ ಸುಳ್ಳು ಅಲೆ

ಕಂಪ್ಯೂಟರ್ ನಕ್ಷೆಗಳಲ್ಲಿ ಹಿಡಿಯಲು ಅತ್ಯಂತ ಕಷ್ಟವಾದ ದೋಷ ಇದು, ಏಕೆಂದರೆ ಚಿತ್ರ ನೋಡಲು ಸರಿಯಾಗಿಯೇ ಇರುತ್ತದೆ. ಸೈನ್(50ಎಕ್ಸ್) ಅನ್ನು 0ಯಿಂದ 2ಪೈವರೆಗೆ ಬರೆಸಿ. ಅಷ್ಟರಲ್ಲಿ 50 ಸುತ್ತು ಬರಬೇಕು. ಅಂತರವನ್ನು 100 ಸಮ ಭಾಗ ಮಾಡಿದರೆ ಪ್ರತಿ ಬಿಂದುವೂ ಅಲೆ ಅಕ್ಷ ದಾಟುವ ಜಾಗದಲ್ಲೇ ಬೀಳುತ್ತದೆ. ಎಲ್ಲ ಬೆಲೆಗಳೂ ಸೊನ್ನೆ, ಪರದೆಯಲ್ಲಿ ನೇರ ಗೆರೆ. 51 ಭಾಗ ಮಾಡಿದರೆ ಇನ್ನೂ ವಿಚಿತ್ರ: 50 ಸುತ್ತಿನ ಬದಲು ತಲೆಕೆಳಗಾದ ಒಂದೇ ಒಂದು ನುಣುಪಾದ ಸೈನ್ ಅಲೆ ಬರುತ್ತದೆ. ಎಲ್ಲಿಯೂ ಮುರಿದಂತೆ ಕಾಣದ, ಪೂರ್ತಿ ಸುಳ್ಳಾದ ನಕ್ಷೆ.

ಪ್ರತಿ ಸುತ್ತಿಗೆ ಎರಡಕ್ಕಿಂತ ಹೆಚ್ಚು ಬಿಂದು ಇಲ್ಲದಿದ್ದರೆ ಅಲೆಯ ಗುರುತೇ ಕಳೆದುಹೋಗುತ್ತದೆ. ಕಣ್ಣಿಗೆ ನುಣುಪಾಗಿ ಕಾಣಲು ಸುತ್ತಿಗೆ 20ರಿಂದ 30 ಬಿಂದು ಬೇಕು, ಅಂದರೆ ಇಲ್ಲಿ 1000ಕ್ಕೂ ಹೆಚ್ಚು. ಅನುಮಾನ ಬಂದರೆ ಬಿಂದುಗಳ ಸಂಖ್ಯೆಯನ್ನು ದುಪ್ಪಟ್ಟಿಗೆ ಒಂದು ಸೇರಿಸಿ ಮತ್ತೆ ಬರೆಸಿ. ಸುತ್ತುಗಳ ಎಣಿಕೆ ಬದಲಾದರೆ ಮೊದಲಿನ ಚಿತ್ರವನ್ನು ನಂಬಬೇಡಿ.

ಚಿಹ್ನೆ ಮತ್ತು ಬರವಣಿಗೆಯ ತಪ್ಪುಗಳು

ಸೈನ್(−ಎಕ್ಸ್) ಮತ್ತು −ಸೈನ್ ಎಕ್ಸ್ ಒಂದೇ ನಕ್ಷೆ. ಕಾಸ್‌ನಲ್ಲಿ ಹಾಗಲ್ಲ: ಕಾಸ್(−ಎಕ್ಸ್) ಎಂದರೆ ಕಾಸ್ ಎಕ್ಸ್ ಆಗಿಯೇ ಉಳಿಯುತ್ತದೆ, −ಕಾಸ್ ಎಕ್ಸ್ ಮಾತ್ರ ತಲೆಕೆಳಗಾಗುತ್ತದೆ.

ಸೈನ್ ವರ್ಗ ಎಕ್ಸ್ ಬರೆಸಿದಾಗ ಅಲೆ ಅಕ್ಷದ ಕೆಳಗಿಳಿದರೆ, ಬಲಕ್ಕೆ ಹೋದಂತೆ ಒತ್ತೊತ್ತಾದರೆ, ನೀವು ಸೈನ್ ಬೆಲೆಯ ಬದಲು ಎಕ್ಸ್ ಅನ್ನೇ ವರ್ಗ ಮಾಡಿದ್ದೀರಿ. ಸರಿಯಾದ ನಕ್ಷೆ 0 ಮತ್ತು 1ರ ನಡುವೆಯೇ ಇರುತ್ತದೆ, ಅದರ ಅವಧಿ ಪೈ. ಎಕ್ಸ್ 3 ರೇಡಿಯನ್ ಆದಾಗ ಸರಿಯಾದ ಬೆಲೆ 0.02, ತಪ್ಪಾದದ್ದು 0.412.

ಕೊಸೆಕ್, ಅಂದರೆ 1 ಭಾಗಿಸು ಸೈನ್, ಬೇಕಾದಲ್ಲಿ ಸೈನ್ ಮೇಲೆ −1 ಇರುವ ಗುಂಡಿ ಒತ್ತುವುದು ಇನ್ನೊಂದು. ಆ ಗುಂಡಿ ಕೋನ ಹುಡುಕಿಕೊಡುತ್ತದೆ, ವ್ಯುತ್ಕ್ರಮವನ್ನಲ್ಲ. 30°ಯ ಕೊಸೆಕ್ 2 ಬರಬೇಕು. ಆ ಗುಂಡಿಗೆ 30 ಕೊಟ್ಟರೆ ದೋಷದ ಸಂದೇಶ ಬರುತ್ತದೆ, ಏಕೆಂದರೆ ಸೈನ್ ಬೆಲೆ 1ನ್ನು ಮೀರುವುದಿಲ್ಲ. ಸೆಕ್, ಕೊಸೆಕ್ ನಕ್ಷೆಗಳು −1 ಮತ್ತು 1ರ ನಡುವಿನ ಪಟ್ಟಿಯೊಳಗೆ ಎಂದೂ ಬರುವುದಿಲ್ಲ. ಬಂದಿದ್ದರೆ ಅಲ್ಲಿಯೇ ನಿಲ್ಲಿಸಿ.

ಉತ್ತರ ಹೊಂದುತ್ತಿಲ್ಲ, ಆದರೆ ತಪ್ಪೂ ಇಲ್ಲ

ನಕ್ಷೆ ಕೊಟ್ಟು ಸೂತ್ರ ಕೇಳಿದಾಗ ನಿಮ್ಮ ಉತ್ತರ ಪುಸ್ತಕದ್ದಕ್ಕಿಂತ ಬೇರೆಯಾಗಿದ್ದರೆ ಕೂಡಲೇ ಹೊಡೆದು ಹಾಕಬೇಡಿ. 3 ಸೈನ್(2ಎಕ್ಸ್ − ಪೈ/3) + 1, 3 ಕಾಸ್(2ಎಕ್ಸ್ − 5ಪೈ/6) + 1, −3 ಸೈನ್(2ಎಕ್ಸ್ + 2ಪೈ/3) + 1 ಈ ಮೂರೂ ಒಂದೇ ಗೆರೆ. ಮೊದಲನೆಯದು ನಡುಗೆರೆಯಿಂದ ಮೇಲೇಳುವ 30°ಯನ್ನು ಶುರು ಎಂದು ಹಿಡಿದಿದೆ, ಎರಡನೆಯದು 75°ಯ ಶಿಖರವನ್ನು, ಮೂರನೆಯದು −60°ಯಲ್ಲಿ ನಡುಗೆರೆಯಿಂದ ಕೆಳಗಿಳಿಯುವ ಬಿಂದುವನ್ನು. ಎರಡು ಸೂತ್ರ ಒಂದೇ ಹೌದೋ ಅಲ್ಲವೋ ಎಂದು ನೋಡಲು ಶಿಖರ, ತಗ್ಗುಗಳಂಥ ವಿಶೇಷ ಬಿಂದುಗಳನ್ನು ಬಿಟ್ಟು 10°, 40° ಹೀಗೆ ಎರಡು ಸಾದಾ ಬೆಲೆಗಳನ್ನು ಹಾಕಿ. 10°ಯಲ್ಲಿ ಮೂರೂ −0.928, 40°ಯಲ್ಲಿ ಮೂರೂ 2.026 ಕೊಡುತ್ತವೆ. ಮೊದಲು ಎರಡರ ಆಂಪ್ಲಿಟ್ಯೂಡ್, ಅವಧಿ, ನಡುಗೆರೆ ಒಂದೇ ಇವೆಯೇ ಎಂದು ನೋಡಿಕೊಂಡಿರಬೇಕು. ಅವು ಒಂದೇ ಇದ್ದು ಈ ಎರಡು ಬೆಲೆಗಳೂ ಹೊಂದಿದರೆ ನಿಮ್ಮ ಸೂತ್ರ ಸರಿಯಾಗಿದೆ.